ಮುರಿಗೆಪ್ಪನ ಸುತ್ತಿಗೆಗೆ ರಜೆ

ನಮ್ಮ ಕೈ ಉಪಕರಣ ತಯಾರಕರ ಸಂಘದ ಅಧ್ಯಕ್ಷರಾದ ಸಿದ್ದಲಿಂಗಯ್ಯನವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಸನ್ಮಾನ ಮಾಡಿಸಿಕೊಳ್ಳಲು ಬಂದು ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಕೂತಿರುವ ಬಿಂದುಶ್ರೀಯವರೇ, ಮುಂದಿನ ಸಾಲಿನಲ್ಲಿರುವ ಗೌರಮ್ಮನವರೇ, ಪೀಣ್ಯ ಕೈಗಾರಿಕಾ ಬಡಾವಣೆಯ ಎಲ್ಲಾ ಸ್ಟೇಜುಗಳಿಂದ ಷೆಡ್ಡಿಗೆ ಬೀಗ ಹಾಕಿ ಬಂದಿರುವ ಸಭಿಕರೇ, ಬೀಗ ಹಾಕದೆ ಬಂದು ಈಗ ಫೋನಿನಲ್ಲಿ ಕೆಲಸದವರನ್ನು ಬೈಯುತ್ತಾ ಕೂತಿರುವ ಸಭಿಕರೇ,

ಕಾರ್ಯದರ್ಶಿಗಳು ನನಗೆ ಭಾಷಣ ಬರೆದುಕೊಟ್ಟಿದ್ದಾರೆ. ‘ಇಂದಿನ ಡಿಜಿಟಲ್ ಯುಗದಲ್ಲಿ ಯುವಜನತೆಯು’ ಅಂತ ಶುರುವಾಗುತ್ತದೆ. ಅದನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಊಟ ಆದ ಮೇಲೆ ಕೈ ಒರೆಸಿಕೊಳ್ಳಲು ಬರುತ್ತದೆ. ನಾನು ಐದನೇ ಕ್ಲಾಸಿನಲ್ಲಿ ಸ್ಲೇಟು ಎಸೆದು ಎದ್ದು ಬಂದವನು. ಯುಗದ ವಿಷಯ ನನಗೆ ಗೊತ್ತಿಲ್ಲ. ನೋಡಿದ್ದನ್ನು ಹೇಳುತ್ತೇನೆ.

ಹೋದ ತಿಂಗಳು ಸಂಘದ ಸಭೆಯಲ್ಲಿ ನಮ್ಮ ನೀಲಪ್ಪ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ. “ಉಳಿ ಮಾಡೋರ ಸಂಘದಾಗೆ ಗೇಮ್ ಮಾಡೋ ಹುಡ್ಗೀಗೆ ಯಾಕ್ ಸ್ವಾಮಿ ಶಾಲು? ಆವಮ್ಮ ಜೀವಮಾನದಾಗೆ ಒಂದು ಮೊಳೆ ಬಡ್ದವ್ಳಾ?” ನ್ಯಾಯವಾದ ಪ್ರಶ್ನೆ. ಅರ್ಧ ಸಭೆ ಚಪ್ಪಾಳೆ ತಟ್ಟಿತು. ನೀಲಪ್ಪ, ಕಂಬದ ಹಿಂದೆ ಸರಿಯಬೇಡ, ಹೊಟ್ಟೆ ಕಾಣುತ್ತಿದೆ. ನಿನಗೆ ಉತ್ತರ ಹೇಳುವುದಕ್ಕೇ ನಾನು ಈ ಮೈಕು ಹಿಡಿದಿರುವುದು. ಉದ್ದವಾಗುತ್ತದೆ. ಸಾರು ಆರಿಹೋದರೆ ಎಲ್ಲರೂ ನೀಲಪ್ಪನನ್ನು ಬೈಯಿರಿ.

ಮಾಕಳಿಯಲ್ಲಿ ನನ್ನ ಷೆಡ್ಡು ನಿಮಗೆಲ್ಲ ಗೊತ್ತು. ಕಲ್ಲು ಒಡೆಯುವವರಿಗೆ ಉಳಿ, ಹಾರೆ, ಇಕ್ಕಳ ಮಾಡುವ ಷೆಡ್ಡು. ಅಲ್ಲಿ ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತವನು ಮುರಿಗೆಪ್ಪ. ಗದಗಿನ ಕಡೆಯವನು. ಎಲ್ಲಿಂದಲೋ ಬಸ್ಸಿಳಿದು, ಪೀಣ್ಯದ ಸ್ಟಾಪಿನಲ್ಲಿ ದಾರಿ ಕೇಳಿದ. ನಾನು ದಾರಿ ತೋರಿಸುವ ಬದಲು ಕೆಲಸ ತೋರಿಸಿದೆ. ಅವನು ಕೇಳಿದ ವಿಳಾಸ ಯಾವುದು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಅವನೂ ಮತ್ತೆ ಕೇಳಲಿಲ್ಲ.

ಅವನು ಬಡಿಯುವ ರೀತಿ ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು. ಕಾದ ಕಬ್ಬಿಣದ ಮೇಲೆ ಮೂರು ಏಟು ಜೋರಾಗಿ, ಆಮೇಲೆ ಕಬ್ಬಿಣ ಬಿಟ್ಟು, ಅದನ್ನು ಇಟ್ಟು ಬಡಿಯುವ ಬರೀ ಅಡಿಗಲ್ಲಿನ ಮೇಲೆ ಒಂದು ಸಲ ಮೆತ್ತಗೆ. ಟಣ್, ಟಣ್, ಟಣ್... ಟಿಣ್. ರಸ್ತೆಯಾಚೆಗಿನ ಟೀ ಅಂಗಡಿಯಲ್ಲಿ ಕೂತರೂ ಇದು ಮುರಿಗೆಪ್ಪ, ಇದು ಬೇರೆಯವನು ಅಂತ ಹೇಳಬಹುದಿತ್ತು.

ಷೆಡ್ಡಿಗೆ ಅಂಟಿಕೊಂಡ ಕಟ್ಟಡದ ಮಹಡಿಯನ್ನು ಒಂದು ಗೇಮ್ ಕಂಪನಿಗೆ ಬಾಡಿಗೆಗೆ ಕೊಟ್ಟೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದವರು. ಅವರ ಬಾಸು ಭಾನುಪ್ರಕಾಶ್ ಅವರ ಮನೆ ದಾಸರಹಳ್ಳಿ. ದಿನಾ ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಸಾಕಾಗಿ, ಕಂಪನಿಯನ್ನೇ ಮನೆಯ ಹತ್ತಿರಕ್ಕೆ ಎಳೆದುಕೊಂಡು ಬಂದರು. ಬಂದ ಮೊದಲ ವಾರವೇ ಈ ಬಿಂದುಶ್ರೀ ಮೆಟ್ಟಿಲಿಳಿದು ಜಗಳಕ್ಕೆ ಬಂದಳು. ಇವಳು ವರ್ತೂರಿನ ಹುಡುಗಿ, ಗದ್ದೆ ಮಾಡುತ್ತಿದ್ದವರ ಮನೆಯವಳು, ಜಗಳ ಚೆನ್ನಾಗಿಯೇ ಬರುತ್ತದೆ. ಫೋನಿನಲ್ಲಿ ಮೀಟಿಂಗ್ ಮಾಡಲು ಆಗುತ್ತಿಲ್ಲ, ಈ ಸದ್ದು ನಿಲ್ಲಿಸಬೇಕು ಅಂದಳು. “ಬಾಡ್ಗೆಗೆ ಮಹಡಿ ಕೊಟ್ರೆ ನನ್ ಕುಲುಮೆಗೇ ಬೀಗ ಆಕ್ಸಕ್ಕೆ ಬಂದ್ಯೇನಮ್ಮ?” ಅಂತ ನಾನೂ ಶುರು ಮಾಡಿದೆ. ನಾವಿಬ್ಬರೂ ಕಿರುಚುತ್ತಿದ್ದೆವು, ಮುರಿಗೆಪ್ಪ ಬಡಿಯುತ್ತಲೇ ಇದ್ದ. ಕಬ್ಬಿಣ ಕಾದಿತ್ತು, ಅವನಿಗೆ ಜಗಳಕ್ಕೆ ಪುರಸೊತ್ತಿರಲಿಲ್ಲ.

ಇದ್ದಕ್ಕಿದ್ದ ಹಾಗೆ ಇವಳು ಕಿರುಚುವುದು ನಿಲ್ಲಿಸಿದಳು. ಕತ್ತು ಓರೆ ಮಾಡಿ ಕೇಳಿದಳು. ನಡುವೆ ಯಾಕೆ ಬರೀ ಅಡಿಗಲ್ಲಿಗೆ ತಟ್ಟುತ್ತೀರಿ ಅಂತ ಮುರಿಗೆಪ್ಪನನ್ನೇ ಕೇಳಿದಳು. ನಾನು ಮೂವತ್ತು ವರ್ಷದಲ್ಲಿ ಒಂದು ದಿನವೂ ಅದನ್ನು ಕೇಳಿರಲಿಲ್ಲ. ಅವನು ಹೇಳಿದ, “ಬಡ್ಯೂ ಮುಂದ ಕೈ ಸಿಟ್ಟಾಗಿರತೈತ್ರಿ ಅಕ್ಕಾರ. ನಡುವ ಒಮ್ಮೆ ಮೆಲ್ಲಕ ತಟ್ಟಿದ್ರ ಕೈ ಉಸಿರ ಬಿಡತೈತಿ.”

ಮಾರನೇ ದಿನ ಇವಳು ಒಂದು ಮೈಕು ತಂದು ಆ ಸದ್ದನ್ನು ಹಿಡಿದುಕೊಂಡು ಹೋದಳು. ಆಮೇಲೊಂದು ದಿನ ನಮ್ಮಿಬ್ಬರನ್ನೂ ಮಹಡಿಗೆ ಕರೆದಳು. ಗೋಡೆಯಗಲದ ಟಿವಿ. ಅದರಲ್ಲಿ ಒಂದು ಬೆಟ್ಟ, ಬೆಟ್ಟಕ್ಕೊಂದು ಕರೀ ಗವಿ, ಗವಿಯ ಬಾಯಲ್ಲೊಂದು ಹಳ್ಳಿ, ಹಳ್ಳಿಯಲ್ಲೊಂದು ಕುಲುಮೆ. ಒಬ್ಬ ಕಮ್ಮಾರ ಸುತ್ತಿಗೆ ಎತ್ತಿದ. ಟಣ್, ಟಣ್, ಟಣ್... ಟಿಣ್. ನನ್ನ ಮೈ ಮೇಲಿನ ಕೂದಲು ನಿಂತವು. ಮುರಿಗೆಪ್ಪ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ, ‘ಬೆಂಕಿ ಸ್ವಲ್ಪ ಜಾಸ್ತಿ ಐತ್ರಿ’ ಅಂದ. ಇವಳು ಕೂಡಲೇ ಕೂತು ಬೆಂಕಿ ಕಡಿಮೆ ಮಾಡಿದಳು. ನಾವು ಇದ್ದಿಲು ಎಳೆದು ಕಡಿಮೆ ಮಾಡುತ್ತೇವೆ. ಇವಳು ಬೆರಳಿನಲ್ಲಿ ಮಾಡಿದಳು. ಉರಿ ತಗ್ಗಿದ್ದು ಮಾತ್ರ ಒಂದೇ ಥರ.

ಹೋದ ವರ್ಷ ಯುಗಾದಿ ಆದ ಮೇಲೆ ಮುರಿಗೆಪ್ಪ ಹೋದ. ಎದೆ. ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಆಗಿಹೋಯಿತು. ಈ ವಿಷಯ ಇವತ್ತಿನ ಕಾರ್ಯಕ್ರಮಕ್ಕೆ ಬೇಕಾಗಿಲ್ಲ. ಯಾಕೆ ಹೇಳಿದೆ ಅಂದರೆ, ಷೆಡ್ಡಿನಲ್ಲಿ ನಾನು ಈಗ ಕುಲುಮೆ ಹೊತ್ತಿಸುವುದಿಲ್ಲ. ಕಾಯಿಸಲು ಕರೆಂಟಿನ ಒಲೆ, ಬಡಿಯಲು ಪವರ್ ಹ್ಯಾಮರ್ ತಂದಿದ್ದೇನೆ. ಹೊಡೆಯುತ್ತದೆ, ಚೆನ್ನಾಗಿಯೇ ಹೊಡೆಯುತ್ತದೆ. ನಡುವೆ ತಟ್ಟುವುದಿಲ್ಲ, ಅಷ್ಟೆ. ಹಾಗಾಗಿ ಆ ಸದ್ದು ಈಗ ಭೂಮಿಯ ಮೇಲೆ ಒಂದೇ ಒಂದು ಕಡೆ ಉಳಿದಿದೆ, ಇವಳ ಗೇಮಿನಲ್ಲಿ. ಅಲ್ಲಿ ಯಾರಾದರೂ ಆಟಗಾರ ಕುಲುಮೆಗೆ ಬಂದು ‘ನನಗೊಂದು ಕತ್ತಿ ಮಾಡಿಕೊಡು’ ಅಂದರೆ ಮಾತ್ರ ಅದು ಕೇಳುತ್ತದೆ.

ನಾನು ಬೆಳಿಗ್ಗೆ ಕಾಫಿ ಆದ ಮೇಲೆ ಮಹಡಿ ಹತ್ತುತ್ತೇನೆ. ಬಾಡಿಗೆದಾರರು ಏನು ಮಾಡುತ್ತಿದ್ದಾರೆ ಅಂತ ಮಾಲೀಕ ನೋಡಬೇಕಲ್ಲ? ಹೋದವನು ಒಂದು ಕತ್ತಿ ಮಾಡಿಸುತ್ತೇನೆ. ಕತ್ತಿಯಿಂದ ನನಗೇನೂ ಆಗಬೇಕಾಗಿಲ್ಲ. ಗವಿಯೊಳಗೆ ಹೋದರೆ ಮೊದಲನೇ ಬಾವಲಿಯೇ ನನ್ನನ್ನು ಸಾಯಿಸುತ್ತದೆ. ನಗಬೇಡಿ. ದೊಡ್ಡ ಬಾವಲಿ ಅದು.

ಈ ವರ್ಷ ಆಷಾಢದಲ್ಲಿ ಒಂದು ದಿನ ಇವಳು ಷೆಡ್ಡಿಗೆ ಬಂದು ನನ್ನ ಎದುರು ನಿಂತಳು. “ತಾತ, ಕುಲುಮೆ ತೆಗೀತಾರಂತೆ,” ಅಂದಳು. ಯಾರಪ್ಪನ ಕುಲುಮೆ, ಯಾರು ತೆಗೆಯುವವರು ಅಂತ ನಾನು ಎದ್ದೆ. ನಿಂತಲ್ಲೇ ವಿಷಯ ಹೇಳಿದಳು. ಸಭಿಕರೇ, ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ಇದೇ ಇವತ್ತಿನ ವಿಷಯ.

ಆ ಗೇಮಿನಲ್ಲಿ ಆಯುಧ ಸಿಗುವುದಕ್ಕೆ ಎರಡು ದಾರಿ. ಒಂದು, ಗವಿಗೆ ಹೋಗಿ ರಕ್ಕಸನನ್ನು ಹೊಡೆದರೆ ಅವನಿಂದ ಏನಾದರೂ ಬೀಳುತ್ತದೆ. ತುಕ್ಕು ಹಿಡಿದ ಚೂರಿಯೂ ಬೀಳಬಹುದು, ಮಿಂಚಿನಂಥ ಖಡ್ಗವೂ ಬೀಳಬಹುದು. ಅವರು ಇದಕ್ಕೆ ಲೂಟ್ ಅನ್ನುತ್ತಾರೆ. ನಾನು ಬಿದ್ದ ಮಾಲು ಅನ್ನುತ್ತೇನೆ. ಎರಡು, ಅದಿರು, ಇದ್ದಿಲು, ಹಿಡಿಗೆ ಮರ ಎಲ್ಲ ತಂದು ಕುಲುಮೆಯಲ್ಲಿ ಕೊಟ್ಟು ಮಾಡಿಸಿಕೊಳ್ಳುವುದು. ಅದು ಕ್ರಾಫ್ಟು. ನನ್ನ ಬಾಯಲ್ಲಿ ಮಾಡಿದ ಮಾಲು. ಏನಾಯಿತೆಂದರೆ, ಬಿದ್ದ ಮಾಲಿನ ಮುಂದೆ ಮಾಡಿದ ಮಾಲು ಸಪ್ಪೆ. ಬೀಳುವಾಗ ಏನು ಬೀಳುತ್ತದೋ ಅಂತ ಎದೆ ಹೊಡೆದುಕೊಳ್ಳುತ್ತದೆ. ಜನ ಆಡುವುದೇ ಆ ಎದೆಬಡಿತಕ್ಕೆ. ಮಾಡಿಸುವಾಗ ಏನು ಬರುತ್ತದೆ ಅಂತ ಮೊದಲೇ ಗೊತ್ತು. ಹಾಗಾಗಿ ಕುಲುಮೆಗೆ ಬರುವವರೇ ಇಲ್ಲ. ನಾನೊಬ್ಬ. ಬೆಳಿಗ್ಗೆ ಕಾಫಿ ಆದ ಮೇಲೆ. ಯಾರೂ ಬಾರದ ಜಾಗವನ್ನು ಯಾಕೆ ಇಟ್ಟುಕೊಳ್ಳಬೇಕು, ಮುಂದಿನ ಅಪ್‌ಡೇಟಿಗೆ ತೆಗೆದುಬಿಡೋಣ ಅಂತ ಭಾನುಪ್ರಕಾಶ್ ತೀರ್ಮಾನಿಸಿದ್ದರು.

ನಾನು ಮಹಡಿ ಹತ್ತಿದೆ. ಹೇಗೆ ಹತ್ತಿದೆ ಅಂತ ಅಲ್ಲಿನವರು ಇವತ್ತಿಗೂ ಹೇಳುತ್ತಾರೆ. ಕಿತ್ತುಕೊಂಡ ಮಾಲು ಬೆವರು ಸುರಿಸಿ ಮಾಡಿದ ಮಾಲಿಗಿಂತ ಮೇಲೆ ಅಂತ ಮಕ್ಕಳಿಗೆ ಕಲಿಸುತ್ತೀರೇನ್ರೀ, ನೀವು ಕಂಪನಿಯವರೋ ಕಳ್ಳರ ಗುಂಪೋ ಅಂತ ಭಾನುಪ್ರಕಾಶ್ ಅವರನ್ನು ನಿಲ್ಲಿಸಿ ಕೇಳಿದೆ. ಮಾಡಿದ ಮಾಲನ್ನೇ ಎಲ್ಲಕ್ಕಿಂತ ಮೇಲೆ ಇಡಿ, ಜನ ಕುಲುಮೆಗೆ ತಾವಾಗಿಯೇ ಬರುತ್ತಾರೆ ಅಂದೆ. ಭಾನುಪ್ರಕಾಶ್ ತಾಳ್ಮೆಯ ಮನುಷ್ಯ. ‘ಸಾರ್, ಅದು ಅಷ್ಟು ಸುಲಭ ಅಲ್ಲ’ ಅಂದರು. ಸುಲಭ ಮಾಡಿ ಅಂದೆ. ಬಿಂದುಶ್ರೀ ಮಾತ್ರ ಏನೋ ಯೋಚಿಸಿ, ಮಾಡಿ ನೋಡೋಣ ಅಂದಳು.

ಮಾಡಿದರು. ನಾನು ಗೆದ್ದೆ. ಜನ ಬಂದರು ನೋಡಿ! ಕುಲುಮೆಯ ಮುಂದೆ ನಿಲ್ಲಲು ಜಾಗವಿಲ್ಲ. ಬಂದ ದಿನವೇ ಬೆಟ್ಟದಂಥ ಖಡ್ಗ ಮಾಡಿಸಿಕೊಂಡರು. ಮಾಡಿಸಿಕೊಂಡವರು ಗವಿಗೆ ಯಾಕೆ ಹೋಗುತ್ತಾರೆ? ಅಲ್ಲಿ ಬೀಳುವುದೆಲ್ಲ ಕೈಯಲ್ಲಿರುವುದಕ್ಕಿಂತ ಕಡೆ. ಗವಿಯಲ್ಲಿ ರಕ್ಕಸರು ಆಕಳಿಸುತ್ತಾ ಕೂತರು. ಇತ್ತ ಮುರಿಗೆಪ್ಪನ ಸುತ್ತಿಗೆ ಹಗಲೂ ರಾತ್ರಿ ಬಿಡುವಿಲ್ಲದೆ. ಬದುಕಿದ್ದಾಗ ನಾನು ಅವನನ್ನು ಹಾಗೆ ದುಡಿಸಿದವನಲ್ಲ. ವಾರ ಕಳೆಯುವುದರಲ್ಲಿ ಜನ ಆಟವನ್ನೇ ಬಿಟ್ಟು ಹೋಗಲು ಶುರು ಮಾಡಿದರು. ಎಲ್ಲ ಕೈಗೆ ಬಂದ ಮೇಲೆ ಇನ್ನೇನು ಮಾಡುವುದು?

ಅಲ್ಲಿ ಆಟಗಾರರು ಬರೆಯುವ ಮಾತುಗಳು ಟಿವಿಯ ಮೂಲೆಯಲ್ಲಿ ಬರುತ್ತಾ ಇರುತ್ತವೆ. ಒಬ್ಬ, ‘ವರ್ತೂರು ಹುಲಿ’ ಅಂತ ಹೆಸರಿಟ್ಟುಕೊಂಡವನು, ಬರೆದಿದ್ದ: “ಗುರು, ಈ ಟಣ್ ಟಣ್ ಕೇಳಿ ಕೇಳಿ ತಲೆ ಕೆಟ್ಟೋಯ್ತು. ಸೌಂಡ್ ಮ್ಯೂಟ್ ಮಾಡ್ಕೊಂಡೆ, ಈಗ ಆರಾಮು.” ಅವನ ಕೆಳಗೆ ಹತ್ತಾರು ಜನ, ನಾನೂ ಮ್ಯೂಟು, ನಾನೂ ಮ್ಯೂಟು.

ನಾನು ಬಿಂದುಶ್ರೀಗೆ ಹೇಳಿದೆ, ನಿಮ್ಮೂರಿನವನೇ, ವಿಳಾಸ ಕೊಡು, ನಾಳೆ ಬಸ್ಸಿಗೆ ಹೋಗಿ ಬರುತ್ತೇನೆ ಅಂತ. ಇವಳು ವಿಳಾಸ ಕೊಡಲಿಲ್ಲ. ಜನ ಬಾರದೆ ಇದ್ದಾಗ ಆ ಸದ್ದು ಕೇಳುವವರಿರಲಿಲ್ಲ. ನನ್ನ ಮಾತು ಕೇಳಿ ಎಲ್ಲರೂ ಬಂದಾಗ, ಬಂದವರೇ ಕಿವಿ ಮುಚ್ಚಿಕೊಂಡರು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು? ನೀವೇ ಹೇಳಿ. ನನಗೆ ಅವತ್ತು ಊಟ ಸೇರಲಿಲ್ಲ. ಅಡುಗೆಯೂ ಚೆನ್ನಾಗಿರಲಿಲ್ಲ ಅನ್ನಿ.

ಎರಡು ದಿನ ಆದ ಮೇಲೆ ಇವಳು ಷೆಡ್ಡಿಗೆ ಬಂದು ಸುಮ್ಮನೆ ಕೂತಳು. ಮೂಲೆಯಲ್ಲಿ ಲಾರಿಯ ಪಟ್ಟಿಗಳ ರಾಶಿ ಇರುತ್ತದಲ್ಲ, ಮುರಿದ ಸ್ಪ್ರಿಂಗ್ ಪಟ್ಟಿ, ಅದರ ಮೇಲೆ. ಒಂದು ತುಂಡನ್ನು ಕಾಲಲ್ಲಿ ತಳ್ಳುತ್ತಾ ಕೇಳಿದಳು.

“ತಾತ, ಇದು ಎಲ್ಲಿಂದ ಬರುತ್ತೆ?”

“ಗುಜರಿಯಿಂದ. ಇನ್ನೆಲ್ಲಿಂದ?”

“ಅಂದ್ರೆ ಬಿದ್ದಿದ್ದು.”

“ಊಂ.”

“ಆಮೇಲೆ?”

“ಆಮೇಲೇನು, ಮುರಿಗೆಪ್ಪ ಕಾಯ್ಸಿ ಬಡ್ದು ಉಳಿ ಮಾಡೋನು.”

“ಅಂದ್ರೆ ಮಾಡಿದ್ದು.”

ನಾನು ಸಿಡುಕಿದೆ, ಅದರಲ್ಲೇನಿದೆ ಅಂತ. ಇವಳು ನನ್ನನ್ನು ನೋಡುತ್ತಲೂ ಇರಲಿಲ್ಲ; ಆ ತುಂಡನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು, ಕೈಯೆಲ್ಲ ಮಸಿ. ಸಭಿಕರೇ, ನಾವೆಲ್ಲ ಜೀವಮಾನವಿಡೀ ಆ ರಾಶಿಯನ್ನು ತುಳಿದುಕೊಂಡು ಓಡಾಡಿದವರು. ನೀಲಪ್ಪ, ನೀನೂ. ಬಿದ್ದದ್ದನ್ನೇ ತಂದು ಮಾಡುವುದು ನಮ್ಮ ಕಸುಬು ಅಂತ ಯಾರಿಗಾದರೂ ಒಂದು ದಿನ ಹೊಳೆಯಿತೇ? ಮುರಿಗೆಪ್ಪನಿಗಾದರೂ ಹೊಳೆದಿತ್ತೇ? ನನಗಂತೂ ಇಲ್ಲ. ನಾನು ಮಹಡಿಯಲ್ಲಿ ನಿಂತು ಬಿದ್ದ ಮಾಲಿನವರು ಕಳ್ಳರು ಅಂತ ಕಿರುಚಿದವನು.

ಆ ಹುಡುಗಿ ಮಾಡಿದ್ದನ್ನು ಹೇಳುತ್ತೇನೆ, ಕೇಳಿ. ಗವಿಯಲ್ಲಿ ಬೀಳುವ ಖಡ್ಗವನ್ನು ಮತ್ತೆ ಮಿಂಚಿನಂಥದ್ದೇ ಮಾಡಿದಳು. ಎದೆ ಹೊಡೆದುಕೊಳ್ಳಬೇಕಲ್ಲ, ಹೊಡೆದುಕೊಳ್ಳಲಿ. ಆದರೆ ಅದು ಹೇಗೆ ಬಿತ್ತೋ ಹಾಗೇ. ಸಾಣೆ ಹಿಡಿಯಲು ಬರುವುದಿಲ್ಲ, ಬೆಳೆಯುವುದಿಲ್ಲ. ಕುಲುಮೆಯಲ್ಲಿ ಮಾಡಿಸಿದ ಕತ್ತಿ ಮೊದಲು ಮೊಂಡು. ಆದರೆ ಅದು ಬೆಳೆಯುತ್ತದೆ. ಏನು ತಿಂದು ಬೆಳೆಯುತ್ತದೆ? ಬಿದ್ದ ಮಾಲನ್ನು ತಿಂದು. ಗವಿಯಿಂದ ತಂದ ಆ ಮಿಂಚಿನ ಖಡ್ಗವನ್ನು ಕುಲುಮೆಗೆ ಹಾಕಿ ಕರಗಿಸಿದರೆ, ಅದರ ಸತ್ವ ನಿಮ್ಮ ಮೊಂಡು ಕತ್ತಿಗೆ ಇಳಿಯುತ್ತದೆ. ಅದೂ ದಿನಕ್ಕೆ ಒಬ್ಬನಿಗೆ ಒಂದೇ ಕಾವು, ಅಂದರೆ ಒಂದೇ ಸಲ ಕಾಯಿಸಿ ಬಡಿಯುವುದು. ಹಾಗಾಗಿ ಸುತ್ತಿಗೆ ಬೇಕಾದಾಗ ಕೇಳುತ್ತದೆ, ತಲೆ ತಿನ್ನುವುದಿಲ್ಲ.

ಈಗ ಆ ಆಟಗಾರನನ್ನು ಕಣ್ಣ ಮುಂದೆ ತಂದುಕೊಳ್ಳಿ. ಕುಲುಮೆಯ ಮುಂದೆ ನಿಂತಿದ್ದಾನೆ. ಒಂದು ಕೈಯಲ್ಲಿ ಇವತ್ತು ಸಿಕ್ಕಿದ್ದು, ಥಳಥಳ ಹೊಳೆಯುತ್ತಿದೆ. ಇನ್ನೊಂದು ಕೈಯಲ್ಲಿ ತನ್ನದು, ಮಂಕಾಗಿದೆ. ಸಿಕ್ಕಿದ್ದನ್ನು ಇಟ್ಟುಕೊಂಡರೆ ಇವತ್ತು ಗೆಲ್ಲುತ್ತಾನೆ. ಕರಗಿಸಿದರೆ ಮುಂದೆ ಯಾವತ್ತೋ ಗೆಲ್ಲುತ್ತಾನೆ. ಬೆಂಕಿ ಉರಿಯುತ್ತಿದೆ. ಏನು ಮಾಡುತ್ತಾನೆ? ನಾನು ಮಹಡಿಯಲ್ಲಿ ಕೂತು ಹಾಗೆ ನಿಂತವರನ್ನು ನೋಡಿದ್ದೇನೆ. ಒಬ್ಬೊಬ್ಬ ಕಾಲು ಗಂಟೆ ನಿಲ್ಲುತ್ತಾನೆ. ಬೇರೆ ಯಾವುದೋ ದೇಶದವನು, ಮುಖ ಗೊತ್ತಿಲ್ಲ. ಆದರೆ ನಿಂತ ರೀತಿ ನೋಡಿದರೆ ಅವನ ಒಳಗೆ ಏನಾಗುತ್ತಿದೆ ಅಂತ ಗೊತ್ತಾಗುತ್ತದೆ. ಒಬ್ಬ ಮನುಷ್ಯನನ್ನು ಹಾಗೆ ನಿಲ್ಲಿಸುವುದು ಸಣ್ಣ ಕೆಲಸವೇನ್ರೀ?

ಎರಡೂ ಸಮ ಆಯಿತಲ್ಲ, ಇನ್ನೇನು ಅಂತ ಕೇಳಿದೆ. ಅದಕ್ಕೆ ಇವಳು, “ಸಮ ಆಗ್ಬಾರ್ದು ತಾತ. ತಕ್ಕಡಿ ಸಮಕ್ಕೆ ನಿಂತ್ರೆ ವ್ಯಾಪಾರ ಮುಗೀತು, ಜನ ಮನೆಗೆ ಹೋಗ್ತಾರೆ. ಅದು ತೂಗಾಡ್ತಾನೇ ಇರ್ಬೇಕು,” ಅಂದಳು. ಇಷ್ಟು ವಯಸ್ಸಾಗಿದೆ, ಎಷ್ಟೋ ತಕ್ಕಡಿ ನೋಡಿದ್ದೇನೆ. ಸ್ನೇಹವೂ ಹಾಗೇ ಇರಬೇಕು, ಸಿಕ್ಕುವುದು ಒಂದು, ಆಮೇಲೆ ದಿನಾ ಅದನ್ನು... ಇರಲಿ. ವಿಷಯಕ್ಕೆ ಬರೋಣ. ನೀರು ಕೊಡಿ ಸ್ವಲ್ಪ.

ಭಾನುಪ್ರಕಾಶ್ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಜನ ನಿಧಾನವಾಗಿ ಕುಲುಮೆಗೆ ಬರುತ್ತಿದ್ದರು, ಅದು ಅವರಿಗೆ ಸಾಲದು. ದಸರಾಕ್ಕೆ ದೊಡ್ಡ ಅಪ್‌ಡೇಟು, ರಜೆಯ ದಿನ, ಎಲ್ಲರೂ ಆಡುತ್ತಾರೆ. ಆಯುಧ ಪೂಜೆಯ ದಿನ ಕುಲುಮೆಯ ಅಂಗಳ ತುಂಬಿದರೆ ಅದು ಉಳಿಯುತ್ತದೆ, ತುಂಬದಿದ್ದರೆ ತೆಗೆಯುತ್ತೇನೆ, ಮತ್ತೆ ನನ್ನ ಹತ್ತಿರ ಬರಬೇಡಿ ಅಂದರು. ನ್ಯಾಯವಾದ ಮಾತು. ನಾನೂ ತಲೆಯಾಡಿಸಿದೆ.

ಮೆಟ್ಟಿಲಿಳಿಯುವಾಗ ಅರ್ಧದಲ್ಲಿ ನಿಂತೆ. ಆಯುಧ ಪೂಜೆಯ ದಿನ?

ಸಭಿಕರೇ, ನಿಮಗೆ ಹೇಳಬೇಕೇ? ಆ ದಿನ ಪೀಣ್ಯದಲ್ಲಿ ಯಾವ ಲೇತು ತಿರುಗುತ್ತದೆ? ತೊಳೆದು, ಒರೆಸಿ, ಕುಂಕುಮ ಇಟ್ಟು, ಹೂವು ಹಾಕಿ ಕೂರಿಸಿದ ಮೇಲೆ ಅದನ್ನು ಮುಟ್ಟುವವರುಂಟೇ? ಒಂದು ವರ್ಷ ನನ್ನ ಷೆಡ್ಡಿಗೆ ಅವತ್ತೇ ಒಬ್ಬ ಗಿರಾಕಿ ಬಂದ, ಕಲ್ಲಿನ ಕ್ವಾರಿಯವನು. ಉಳಿಗಳೆಲ್ಲ ಮುರಿದಿವೆ, ಈಗಲೇ ಬೇಕು ಅಂತ ಕೈಮುಗಿದ. ಹಳೇ ಗಿರಾಕಿ, ನಾನು ಮೆತ್ತಗಾದೆ. ಮುರಿಗೆಪ್ಪ ಹೇಳಿದ, “ಇವತ್ತ ಸುತ್ತಿಗಿಗೆ ರಜಾ ಐತ್ರಿ. ನನಗ ಬೇಕಾದ್ರ ದುಡಸ್ರಿ, ನಾ ದುಡೀತೀನಿ. ಅದು ದುಡಿಯಂಗಿಲ್ಲ.” ಹೇಳಿ, ಗಿರಾಕಿಯ ಜೊತೆ ಹೋಗಿ ಅವನ ಲಾರಿಯಲ್ಲಿದ್ದ ಸಾಮಾನೆಲ್ಲ ತಾನೇ ಇಳಿಸಿಕೊಟ್ಟ. ಸಂಜೆಯವರೆಗೆ ಹೊತ್ತ. ಸುತ್ತಿಗೆ ಮಾತ್ರ ಹೂವು ಮುಡಿದುಕೊಂಡು ಕೂತಿತ್ತು.

ನಾನು ಮತ್ತೆ ಮಹಡಿ ಹತ್ತಿದೆ. ಆ ದಿನ ನಿಮ್ಮ ಗೇಮಿನಲ್ಲೂ ಮುರಿಗೆಪ್ಪನ ಸುತ್ತಿಗೆ ಏಳಬಾರದು ಅಂದೆ. ಭಾನುಪ್ರಕಾಶ್ ತಲೆ ಮೇಲೆ ಕೈ ಹೊತ್ತರು. “ಸಾರ್, ಅಂಗಡಿಗೆ ಜನ ಬರ್ತಾರಾ ಅಂತ ನೋಡೋ ದಿನಾನೇ ಅಂಗಡಿ ಬಾಗಿಲು ಹಾಕು ಅಂತೀರಲ್ಲ. ನಿಮ್ಮ ಕುಲುಮೇನ ನೀವೇ ಕೊಲ್ತಿದ್ದೀರಿ,” ಅಂದರು. ಹೌದು, ನನಗೂ ಗೊತ್ತಿತ್ತು. ಆ ಸದ್ದು ಉಳಿಯಬೇಕು ಅಂತ ಆಷಾಢದಿಂದ ಒದ್ದಾಡಿದವನು ನಾನು. ಆದರೆ ಆ ದಿನ ಬಡಿದರೆ ಅದು ಮುರಿಗೆಪ್ಪನ ಸುತ್ತಿಗೆ ಹೇಗಾಗುತ್ತದೆ? ಯಾರದೋ ಸುತ್ತಿಗೆ. ಅದನ್ನು ಉಳಿಸಿಕೊಂಡು ನಾನೇನು ಮಾಡಲಿ?

ಬಿಂದುಶ್ರೀ ನನ್ನ ಮುಖ ನೋಡಿದಳು, ಬಾಸಿನ ಮುಖ ನೋಡಿದಳು. ಕುಲುಮೆ ಮುಚ್ಚುತ್ತೇನೆ ಅಂದಳು. ಅವಳು ಆಷಾಢದಿಂದ ಮಾಡಿದ ಕೆಲಸ ಅದು. ಹೋದರೆ ಅವಳದೂ ಹೋಗುತ್ತಿತ್ತು.

ಕುಲುಮೆಯ ಮುಂದೆ ಒಂದು ಉದ್ದ ಜಗಲಿ ಕಟ್ಟಿದಳು. ಬಾಗಿಲಿಗೆ ಮಾವಿನ ತೋರಣ. ಕಮ್ಮಾರ ಮೊಣಕಾಲ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದಾನೆ, ಸುತ್ತಿಗೆಗೆ ಕುಂಕುಮ. ದಾರಿಯ ನಡುವೆ ಒಡೆದ ಬೂದುಗುಂಬಳಕಾಯಿಯನ್ನೂ ಇಟ್ಟಿದ್ದಳು. ಓಡಿ ಬಂದವರು ಜಾರಿ ಬೀಳುತ್ತಿದ್ದರು. ಪೀಣ್ಯದಲ್ಲಿ ಆ ದಿನ ಸ್ಕೂಟರು ಓಡಿಸಿದವರಿಗೆ ಅದು ಗೊತ್ತಿರುತ್ತದೆ. ಜಗಲಿಯ ಪಕ್ಕದಲ್ಲಿ ಒಂದು ಹಲಗೆ. ‘ಇವತ್ತು ಸುತ್ತಿಗೆಗೆ ರಜೆ. ನಿಮ್ಮ ಆಯುಧಕ್ಕೂ ಕೊಡುವುದಾದರೆ ಇಲ್ಲಿಡಿ. ನಾಳೆ ಬೆಳಿಗ್ಗೆ ತೆಗೆದುಕೊಳ್ಳಿ.’ ಅಷ್ಟೇ. ಇಟ್ಟವರಿಗೆ ಏನು ಸಿಗುತ್ತದೆ ಅಂತ ಭಾನುಪ್ರಕಾಶ್ ಕೇಳಿದರು. ಏನೂ ಇಲ್ಲ ಅಂದಳು. ಏನೂ ಸಿಗದಿದ್ದರೆ ಗೇಮಿನಲ್ಲಿ ಯಾರೂ ಒಂದು ಹೆಜ್ಜೆ ಇಡುವುದಿಲ್ಲ ಅಂದರು. ಅದು ಇವಳಿಗೂ ಗೊತ್ತಿತ್ತು.

ಆ ದಿನ ನಾನು ಷೆಡ್ಡಿನ ಪೂಜೆ ಮುಗಿಸಿದೆ. ಪ್ರತಿ ವರ್ಷದ ಹಾಗೆ ಮುರಿಗೆಪ್ಪನ ಮನೆಯವರು, ಈ ಗೌರಮ್ಮನವರು, ಹೂವು ತಂದಿದ್ದರು. ಅವನ ಸುತ್ತಿಗೆಗೆ ತಾವೇ ಹೂವು ಏರಿಸಿದರು. ಅವರಿಗೆ ಈ ಷರತ್ತಿನ ವಿಷಯ ನಾನು ಹೇಳಿರಲಿಲ್ಲ. ಪ್ರಸಾದ ಕೊಡೋಣ ಅಂತ ಅವರನ್ನೂ ಕರೆದುಕೊಂಡು ಮಹಡಿಗೆ ಹೋದೆ.

ಟಿವಿಯಲ್ಲಿ ಅಂಗಳ ಖಾಲಿ. ಒಬ್ಬ ಬಂದ, ಹಲಗೆ ಓದಿದ, ಹೋದ. ಇನ್ನೊಬ್ಬ ಬಂದ, ಕುಲುಮೆ ಯಾಕೆ ಮುಚ್ಚಿದೆ ಅಂತ ಬರೆದ, ಹೋದ. ಭಾನುಪ್ರಕಾಶ್ ಕಿಟಕಿಯ ಹತ್ತಿರ ನಿಂತಿದ್ದರು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಜಗಳವಾಡಬಹುದಿತ್ತು.

ಆಮೇಲೆ ಒಬ್ಬ ಬಂದ. ತಲೆಯ ಮೇಲೆ ಹೆಸರು: ವರ್ತೂರು ಹುಲಿ. ನನ್ನ ಕೈ ಮುಷ್ಟಿಯಾಯಿತು. ಅವನ ಬೆನ್ನಿಗೆ ಒಂದು ಖಡ್ಗ, ಸೂರ್ಯನನ್ನು ಸೀಳಿ ಮಾಡಿದ ಹಾಗೆ, ಗವಿಯ ಕೊನೇ ರಕ್ಕಸನಿಂದ ಬಿದ್ದದ್ದು. ಸೊಂಟದಲ್ಲಿ ಒಂದು ಮೊಂಡು ಕತ್ತಿ, ಕುಲುಮೆಯದ್ದು. ಹಲಗೆಯ ಮುಂದೆ ನಿಂತ. ಬಹಳ ಹೊತ್ತು ನಿಂತ. ಸೊಂಟದ ಕತ್ತಿಯನ್ನು ಬಿಚ್ಚಿ ಜಗಲಿಯ ಮೇಲೆ ಮಲಗಿಸಿದ. ಸೂರ್ಯನಂಥದ್ದು ಬೆನ್ನಿನಲ್ಲೇ ಉಳಿಯಿತು. ಮೂಲೆಯಲ್ಲಿ ಬರೆದ: “ಇದು ಪಾಪ ದಿನಾ ಏಟು ತಿಂದಿದೆ. ಇವತ್ತು ಮಲಗ್ಲಿ.”

ಹೋಗಲಿಲ್ಲ ಅವನು. ಅಲ್ಲೇ ಪಕ್ಕದಲ್ಲಿ ಕೂತ.

ಕೂತವನನ್ನು ನೋಡಿ ಇನ್ನೊಬ್ಬ ಬಂದ. ಆಮೇಲೆ ಇಬ್ಬರು. ಆಮೇಲೆ, ಸಭಿಕರೇ, ನಾನು ಎಣಿಸುವುದನ್ನು ಬಿಟ್ಟೆ. ಬೆಟ್ಟದ ದಾರಿಯಲ್ಲಿ ಜನ ಇಳಿದು ಬರುತ್ತಿದ್ದರು. ಯಾವ ಯಾವ ದೇಶದವರೋ. ಆಯುಧ ಪೂಜೆ ಅಂದರೆ ಏನು ಅಂತ ಒಬ್ಬ ಕೇಳಿದರೆ, ಗೊತ್ತಿಲ್ಲ, ಇವತ್ತು ಕತ್ತಿಗೆ ರಜೆಯಂತೆ ಅಂತ ಇನ್ನೊಬ್ಬ ಹೇಳುತ್ತಿದ್ದ. ಏನು ಸಿಗುತ್ತದೆ ಅಂತ ಕೇಳಿದವನಿಗೆ ಯಾರೂ ಉತ್ತರವೇ ಕೊಡಲಿಲ್ಲ. ಜಗಲಿ ತುಂಬಿತು. ನೆಲದ ಮೇಲೆ ಇಡಲು ಶುರು ಮಾಡಿದರು, ಸಾಲಾಗಿ, ಒಂದನ್ನು ಒಂದು ಮುಟ್ಟದ ಹಾಗೆ. ಮಲ್ಲೇಶ್ವರದಿಂದ ಬಂದವನದೋ ಮೆಕ್ಸಿಕೋದವನದೋ, ಯಾರಿಗೆ ಗೊತ್ತು? ಹೊಳೆಯುವಂಥದ್ದು ಅಲ್ಲೊಂದು ಇಲ್ಲೊಂದು. ಮಿಕ್ಕಿದ್ದೆಲ್ಲ ಮಾಡಿದ ಮಾಲು. ಮೊಂಡು, ಮಸಿ, ಮತ್ತೆ ಮತ್ತೆ ಬಡಿಸಿಕೊಂಡದ್ದು.

ಆಯುಧ ಇಟ್ಟ ಅಷ್ಟೂ ಜನ ಆ ಅಂಗಳದಲ್ಲಿ ಸುಮ್ಮನೆ ಕೂತಿದ್ದರು. ಗವಿಗೆ ಯಾರೂ ಹೋಗಲಿಲ್ಲ. ಆಗ ಬಿಂದುಶ್ರೀ ನನ್ನ ತೋಳು ಹಿಡಿದು ಟಿವಿಯ ಅಂಚು ತೋರಿಸಿದಳು. ಗವಿಯಿಂದ ರಕ್ಕಸರು ಹೊರಗೆ ಬಂದಿದ್ದರು. ಜನ ಎಲ್ಲಿದ್ದಾರೋ ಆ ಕಡೆ ಬರುವುದು ಅವರ ಸ್ವಭಾವವಂತೆ. ಹಳ್ಳಿಯ ಗಡಿ ದಾಟಬಾರದು ಅನ್ನುವುದು ಅವರಿಗೆ ಹಾಕಿದ ಕಟ್ಟಳೆಯಂತೆ. ಹಾಗಾಗಿ ಗಡಿಯುದ್ದಕ್ಕೂ ಸಾಲಾಗಿ ನಿಂತಿದ್ದರು. ಕೋಡು, ಕೋರೆಹಲ್ಲು, ನನ್ನನ್ನು ದಿನಾ ಸಾಯಿಸುವ ಆ ಬಾವಲಿ, ಎಲ್ಲರೂ. ನಿಂತು ಅಂಗಳದ ಕಡೆ ನೋಡುತ್ತಿದ್ದರು. “ಇದನ್ನ ನಾನು ಮಾಡಿಲ್ಲ ತಾತ,” ಅಂದಳು. ಪಿಸುಮಾತಿನಲ್ಲಿ ಅಂದಳು. ಮಾಡಿದವಳೇ ಬೆರಗಾಗಿ ನಿಂತಿದ್ದಳು.

ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ಗೊತ್ತಿಲ್ಲ. ತಿರುಗಿ ನೋಡಿದರೆ ಭಾನುಪ್ರಕಾಶ್ ಬಾಗಿಲ ಹತ್ತಿರ ಬಗ್ಗಿ ಶೂ ಬಿಚ್ಚುತ್ತಿದ್ದರು. ಬಿಚ್ಚಿಟ್ಟು ಬಂದು, ತಮ್ಮ ಕಂಪ್ಯೂಟರಿನ ಮುಂದೆ ಕೂತು, ಗೇಮು ಹುಟ್ಟಿದಾಗ ತಾವು ಮಾಡಿಸಿದ ಮೊದಲನೇ ಕತ್ತಿಯನ್ನು ಹುಡುಕಿ ತೆಗೆದು, ಅಂಗಳದ ಕೊನೇ ಸಾಲಿನಲ್ಲಿ ಇಟ್ಟರು. ‘ಕುಲುಮೆ ಇರಲಿ’ ಅಂದರು. ಅಷ್ಟೇ ಅಂದರು.

ಮಾರನೇ ದಿನ ವಿಜಯದಶಮಿ. ಬೆಳಗಾಗುವಾಗ ನಾವೆಲ್ಲ ಮತ್ತೆ ಮಹಡಿಯಲ್ಲಿದ್ದೆವು, ಗೌರಮ್ಮನವರೂ ಬಂದಿದ್ದರು. ಅಂಗಳದ ಜನ ಕರಗಿರಲಿಲ್ಲ, ಇನ್ನೂ ಹೆಚ್ಚಾಗಿದ್ದರು. ವರ್ತೂರು ಹುಲಿ ಬರೆದಿದ್ದ, “ಟಣ್ ಟಣ್ ಎಷ್ಟೊತ್ತಿಗೆ ಶುರು? ಸೌಂಡ್ ಆನ್ ಮಾಡ್ಕೊಂಡು ಕೂತಿದ್ದೀನಿ.” ಅವನ ಕೆಳಗೆ ಸಾಲಾಗಿ, ನಾನೂ ಆನ್, ನಾನೂ ಆನ್.

ಬೆಟ್ಟದ ಹಿಂದೆ ಕೆಂಪಾಯಿತು. ಕಮ್ಮಾರ ಎದ್ದ. ಸುತ್ತಿಗೆಯ ಹೂವು ತೆಗೆದು ಪಕ್ಕಕ್ಕಿಟ್ಟ. ಅಷ್ಟು ಜನರಲ್ಲಿ ಒಬ್ಬನೂ ಅಲುಗಾಡಲಿಲ್ಲ. ಕಬ್ಬಿಣಕ್ಕೆ ಹೊಡೆಯುವ ಮೊದಲು ಬರೀ ಅಡಿಗಲ್ಲಿಗೆ ಒಂದು ಸಲ ತಟ್ಟಿದ. ಟಿಣ್.

ಗೌರಮ್ಮನವರು ಕಣ್ಣು ಮುಚ್ಚಿಕೊಂಡು ಕೇಳಿದರು. ಮೂವತ್ತು ವರ್ಷ ಆ ಕೈಗೆ ಎಣ್ಣೆ ಹಚ್ಚಿದವರು. ಕೇಳಿ ಹೇಳಿದರು, “ಇವತ್ತ ಕೈ ಹಗರ ಐತಿ. ನಿನ್ನೆ ರಜಾ ಸಿಕ್ಕೈತಲ್ಲ.”

ನೀಲಪ್ಪ, ನಿನ್ನ ಪ್ರಶ್ನೆಗೆ ಉತ್ತರ ಇದು. ಈ ಹುಡುಗಿ ಜೀವಮಾನದಲ್ಲಿ ಒಂದು ಮೊಳೆ ಬಡಿದಿಲ್ಲ. ನಿಜ. ಶಾಲು ಹೊದಿಸುವಾಗ ನೀನೇ ಬಂದು ಒಂದು ತುದಿ ಹಿಡಿಯಬೇಕು, ಹಿಡಿಯದಿದ್ದರೆ ಊಟದ ಹಾಲಿನಲ್ಲಿ ನಾನು ಸಿಗುತ್ತೇನೆ.

ನನ್ನನ್ನು ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೆ, ಗಂಟೆ ಬಾರಿಸಲು ಧೈರ್ಯ ಬಾರದ ಕಾರ್ಯದರ್ಶಿಗಳಿಗೆ, ಹೂವು ಬಿಡಿಸಿಕೊಂಡು ಇಷ್ಟು ದೂರ ಬಂದ ಗೌರಮ್ಮನವರಿಗೆ, ನಿಮಗೆಲ್ಲರಿಗೂ ನನ್ನ ವಂದನೆ. ಶಾಲು, ಹಾರ ಎಲ್ಲ ಆಮೇಲೆ. ಬಿಂದು, ಆ ಬೆಳಗಿನ ಸದ್ದು ಹಾಕಿ ಫೋನನ್ನು ಈ ಮೈಕಿನ ಹತ್ತಿರ ಹಿಡಿಯಮ್ಮ. ಮೊದಲು ಬರೀ ಅಡಿಗಲ್ಲಿಗೆ ಒಂದು ಮೆತ್ತನೆಯ ಏಟು ಬರುತ್ತದೆ. ಅದು ಕೇಳುವ ತನಕ ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ.

ನಮಸ್ಕಾರ.